ನಲ್ಲಿಮೂಳೆಯ ಲಂಚ

ಬಿಪಿ ಏರಿದರೆ ನೋವಾಗುವುದಿಲ್ಲ. ಅದು ಏರಿದೆ ಅಂತ ಗೊತ್ತಾಗುವುದಕ್ಕೆ ಇರುವುದು ಎರಡೇ ದಾರಿ. ತೋಳಿಗೆ ಪಟ್ಟಿ ಸುತ್ತಿಸಿಕೊಂಡು ನೋಡಬೇಕು, ಇಲ್ಲವೇ ಒಂದು ಬೆಳಿಗ್ಗೆ ಬಾಯಿ ಸೊಟ್ಟಗಾಗಿ ಕೊಟ್ಟಿಗೆಯಲ್ಲಿ ಬೀಳಬೇಕು. ಮೊದಲನೆಯದಕ್ಕೆ ಬಿಡಿಗಾಸು ಖರ್ಚಿಲ್ಲ, ಎರಡನೆಯದಕ್ಕೆ ಗದ್ದೆಯೇ ಹೋಗುತ್ತದೆ. ಆದರೂ ನಮ್ಮ ಜನ ಎರಡನೆಯ ದಾರಿಯಲ್ಲೇ ಸಾಲುಗಟ್ಟಿ ನಡೆಯುತ್ತಾರೆ.

ಪಾಂಡವಪುರದ ಅಡುಗೆ ಚಿಕ್ಕಸ್ವಾಮಿಗೆ ಈ ಸಾಲು ಕಂಡದ್ದು ಅಕ್ಕನ ಮನೆಯಲ್ಲಿ. ಅಕ್ಕ ಜಯಲಕ್ಷ್ಮಮ್ಮನ ಮಾವ ಹೀಗೇ ಬಿದ್ದಿದ್ದರು. ಆಮೇಲೆ ಅವಳ ಗಂಡನ ಅಣ್ಣ ಬಿದ್ದ. ಅವನು ಮಂಚದಲ್ಲಿ ಮಲಗಿದ್ದಷ್ಟು ದಿನವೂ ನಾಲೆ ಬಯಲಿನ ಗದ್ದೆ ತುಂಡುತುಂಡಾಗಿ ಕರಗಿ, ಅವನು ಹೋಗುವ ಹೊತ್ತಿಗೆ ಅದೂ ಹೋಗಿತ್ತು. ಉಳಿದವನು ಅಕ್ಕನ ಗಂಡ ಮುದ್ದಯ್ಯ. ಆನೆಯಂಥ ಆಳು. ನಕ್ಕರೆ ಚಪ್ಪರ ಅಲ್ಲಾಡಬೇಕು, ಉಣ್ಣಲು ಕೂತರೆ ಬಡಿಸುವವರು ಬೆವರಬೇಕು. ಆಸ್ಪತ್ರೆ ಅಂದರೆ ಮಾತ್ರ ಅವನಿಗೆ ಕೆಂಡಾಮಂಡಲ ಕೋಪ.

"ಅಲ್ಲಿಗೋದೋರೆಲ್ಲ ಇಲ್ದಿದ್ದ ಕಾಯ್ಲೆ ತಕ್ಕಂಡು ಬತ್ತಾರೆ ಕಣ್ಲಾ! ನಂಗೇನಾಗೈತೆ? ಗುಂಡ್ಕಲ್ಲಿದ್ದಂಗಿವ್ನಿ!"

"ನಿಮ್ಮಣ್ಣನೂ ಗುಂಡ್ಕಲ್ಲಂಗೇ ಇದ್ದ" ಎಂದು ಜಯಲಕ್ಷ್ಮಮ್ಮ ಒಳಗಿಂದಲೇ ಅಂದರೆ ಅವನು ಪಂಚೆ ಕೊಡವಿ ಎದ್ದು ಹೋಗುತ್ತಿದ್ದ. ಅವಳು ತಮ್ಮನ ಕೈ ಹಿಡಿದುಕೊಳ್ಳುತ್ತಿದ್ದಳು. "ಏನಾರ ಮಾಡಪ್ಪ ಚಿಕ್ಕ. ನನ್ನ ಕುಂಕುಮ ನಿನ್ನ ಕೈಲೈತೆ."

ಚಿಕ್ಕಸ್ವಾಮಿಯ ಕೈಯಲ್ಲಿ ಇದ್ದದ್ದು ಸೌಟು. ಆದರೆ ಬೀಗರೂಟದ ದಿನ ಆ ಸೌಟಿನ ಮುಂದೆ ಎಂಥವರೂ ಸಣ್ಣವರೇ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಮದುವೆ ಮುಗಿದು ಬಾಡೂಟಕ್ಕೆ ಕೊಪ್ಪರಿಗೆ ಏರಿತೆಂದರೆ ಅವನಿಗೆ ಕರೆ ಬರುತ್ತಿತ್ತು. ಮಜ್ಜೆ ತುಂಬಿದ ನಲ್ಲಿಮೂಳೆಯನ್ನು ಅವನು ಬೇರೆ ಪಾತ್ರೆಯಲ್ಲಿ ತೆಗೆದಿಡುತ್ತಿದ್ದ. ಅದು ಯಾರ ಎಲೆಗೆ ಬಿತ್ತೋ ಅವನು ದೊಡ್ಡ ಮನುಷ್ಯ. ಬೀಳದಿದ್ದವನು ಮುಂದಿನ ಮದುವೆಯವರೆಗೂ ಗೊಣಗುತ್ತಿದ್ದ. ನಲ್ಲಿಮೂಳೆ ಸಿಗಲಿಲ್ಲವೆಂದು ಮುರಿದುಬಿದ್ದ ಸಂಬಂಧಗಳನ್ನು ಚಿಕ್ಕಸ್ವಾಮಿ ಕಣ್ಣಾರೆ ಕಂಡಿದ್ದ.

ತೊಂಬತ್ತಾರರ ಬೇಸಿಗೆಯಲ್ಲಿ ಮುದ್ದಯ್ಯನ ಮಗಳು ದೀಪಳನ್ನು ಬಿಂಡಿಗನವಿಲೆಯ ಮಂಚಯ್ಯನ ಮನೆಗೆ ಕೊಟ್ಟರು. ಗಂಡಿನ ಮನೆಯ ಬೀಗರೂಟಕ್ಕೆ ಅಡುಗೆ ಚಿಕ್ಕಸ್ವಾಮಿಯದೇ. ಮಸಾಲೆ ರುಬ್ಬಿಸುತ್ತಿದ್ದಾಗ ಅವನಿಗೆ ಹೊಳೆಯಿತು. ಸೌಟನ್ನು ಅಲ್ಲೇ ಬಿಟ್ಟು ಆ ಊರಿನ ನರ್ಸು ಪುಟ್ಟತಾಯಮ್ಮನ ಬಾಗಿಲಿಗೆ ಓಡಿದ.

"ಬೀಗರೂಟದಲ್ಲಿ ಬಿಪಿ ನೋಡೋಕೆ ನಂಗೆ ಆರ್ಡರ್ ಇಲ್ಲ ಕಣಣ್ಣ" ಅಂದಳು ಅವಳು.

"ಊಟಕ್ಕೆ ಬರಾಕೂ ಆರ್ಡರ್ ಬೇಕೇನವ್ವ? ಬಾ. ಬರ್ತಾ ಆ ಡಬ್ಬೀನೂ ತಕ್ಕಂಬಾ."

ಪುಟ್ಟತಾಯಮ್ಮನಿಗೂ ಸಾಕಾಗಿತ್ತು. ಬಿಪಿ ನೋಡುವ ಪಾದರಸದ ಡಬ್ಬಿ ಇಟ್ಟುಕೊಂಡು ವರ್ಷಗಟ್ಟಲೆ ಕಾದರೂ ಆರೋಗ್ಯವಾಗಿದ್ದವನು ಒಬ್ಬನೂ ತೋಳು ಚಾಚಿರಲಿಲ್ಲ. ಯಾಕೆ ಚಾಚುತ್ತಾನೆ? ಹೊಸ ವಾರ್ಡು ಕಟ್ಟಿದರೆ ಟೇಪು ಕತ್ತರಿಸಲು ಮಂತ್ರಿ ಬರುತ್ತಾನೆ. ಬಿದ್ದವನನ್ನು ನೋಡಲು ನೆಂಟರು ಹಣ್ಣು ಹಿಡಿದು ಬರುತ್ತಾರೆ. ಬೀಳದೇ ಉಳಿದವನಿಗೆ ಯಾರೂ ಒಂದು ಬಾಳೆಹಣ್ಣು ಕೊಟ್ಟದ್ದಿಲ್ಲ. ಹಸುವಿಗೆ ಕಾಲುಬಾಯಿ ಜ್ವರ ಬರುವ ಮುಂಚೆಯೇ ಸೂಜಿ ಹಾಕಿಸುವ ಬುದ್ಧಿವಂತರು, ಯಜಮಾನನಿಗೆ ಮಾತ್ರ ಬಿದ್ದ ಮೇಲೆಯೇ ಔಷಧಿ ಹುಡುಕುವುದು!

ಮರುದಿನ ಚಪ್ಪರದ ಬಾಗಿಲಲ್ಲಿ ಮೇಜು ಹಾಕಿ ಪುಟ್ಟತಾಯಮ್ಮ ಕೂತಳು. ಚಿಕ್ಕಸ್ವಾಮಿ ಸೌಟು ಎತ್ತಿ ಕೂಗಿದ. "ಕೇಳ್ರಪ್ಪೋ! ಯಾರು ತೋಳು ಕೊಡ್ತಾರೋ ಅವರಿಗೆ ಮೊದಲ ಪಂಕ್ತಿ, ಎಲೆಗೊಂದು ನಲ್ಲಿಮೂಳೆ!"

ನುಗ್ಗಿತು ನೋಡಿ ಜನ! ಶರ್ಟು ಕಳಚಿದವರು, ಎರಡು ತೋಳೂ ಚಾಚಿದವರು, ಸಾಲು ತಪ್ಪಿಸಿ ಮೇಜಿನ ಕೆಳಗಿಂದ ತೂರಿ ಬಂದವರು. ಪುಟ್ಟತಾಯಮ್ಮ ಪಟ್ಟಿಗೆ ಗಾಳಿ ತುಂಬುವ ರಬ್ಬರ್ ಬುರುಡೆ ಒತ್ತೊತ್ತಿ ಸುಸ್ತಾದಳು.

ಆದರೆ ಡೈರಿಗೆ ಹಾಲು ಹಾಕಿ ಬದುಕುವ ಜನ ಅವರು. ದಿನಾ ಬೆಳಿಗ್ಗೆ ಹಾಲು ಅಳೆಸಿ, ಜಿಡ್ಡಿನ ಅಂಕಿ ಮೇಲಿದ್ದಷ್ಟೂ ಹೆಚ್ಚು ಕಾಸು ಎಣಿಸಿ ಅಭ್ಯಾಸ. ಅಂಕಿ ಅಂದರೆ ಮೇಲಿರಬೇಕು, ಅಷ್ಟೇ ಅವರ ಲೆಕ್ಕ. ಒಣಕಲು ಬೋರಯ್ಯನದು ನೂರಿಪ್ಪತ್ತು ಎಂದಾಗ ಗೊಳ್ಳೆಂದರು.

"ನೂರಿಪ್ಪತ್ತಾ! ಥೂ, ನೀರ್ ಬೆರ್ಸಿದ ಆಲು ಕಣ್ಲಾ ನೀನು!"

ಬೋರಯ್ಯ ತಲೆ ತಗ್ಗಿಸಿ, "ಇನ್ನೊಂದ್ಸಲ ನೋಡವ್ವ, ಉಸ್ರು ಕಟ್ತೀನಿ" ಎಂದು ಗೋಗರೆದ. ಗಂಡಿನ ಅಪ್ಪ ಮಂಚಯ್ಯನದು ನೂರರವತ್ತು ಬಂದಾಗ ಸಿಳ್ಳೆ ಬಿದ್ದವು. ಅವನು ಮೀಸೆ ತಿರುವಿ ಹೆಣ್ಣಿನ ಕಡೆಯವರತ್ತ ನೋಡಿದ. "ಏನು ಬೀಗ್ರೆ, ನಿಮ್ ಕಡೆಯೋರ್ಗೆ ತೋಳಿಲ್ವಾ?"

ಅಲ್ಲಿಯವರೆಗೆ ಕಂಬಕ್ಕೊರಗಿ ಕೂತಿದ್ದ ಮುದ್ದಯ್ಯ ಸರಕ್ಕನೆ ಎದ್ದ. ಹೆಂಡತಿಯ ಕಣ್ಣೀರಿಗೆ ಅಲ್ಲಾಡದವನು ಬೀಗನ ಮೀಸೆಗೆ ಎದ್ದುಬಿಟ್ಟ! ತೊಲೆಯಂಥ ತೋಳನ್ನು ಮೇಜಿನ ಮೇಲೆ ಕೆಡವಿದ. ಪಾದರಸ ಏರಿತು, ಏರಿತು, ಏರುತ್ತಲೇ ಹೋಯಿತು.

"ಇನ್ನೂರತ್ತು" ಅಂದಳು ಪುಟ್ಟತಾಯಮ್ಮ, ಮೆಲ್ಲಗೆ.

ಚಪ್ಪರ ಹಾರಿಹೋಗುವ ಹಾಗೆ ಕೇಕೆ! ಪಾಂಡವಪುರದವರು ಮುದ್ದಯ್ಯನನ್ನು ಹೆಗಲಿಗೇರಿಸಲು ನೋಡಿ, ಭಾರ ತಡೆಯದೆ ಹೂವಿನ ಹಾರ ಮಾತ್ರ ಹಾಕಿದರು. ಪುಟ್ಟತಾಯಮ್ಮ ಇನ್ನೊಂದು ತೋಳಿಗೆ ಪಟ್ಟಿ ಸುತ್ತಿದಳು. "ಎಲ್ಡೂ ಕೈದು ಕೂಡ್ಸಿ ಏಳವ್ವೋ!" ಎಂದು ಯಾರೋ ಕಿರುಚಿದರು.

ಚಿಕ್ಕಸ್ವಾಮಿ ಮಾತ್ರ ನರ್ಸಿನ ಮುಖ ನೋಡಿದ. ಬಣ್ಣ ಇಳಿದಿತ್ತು. "ಇವತ್ತೇ ಆಸ್ಪತ್ರೆಗೆ ಕರ್ಕೊಂಡ್ ಹೋಗಣ್ಣ. ಇವತ್ತೇ" ಅಂದಳು.

ಅವನು ಬೋರಲು ಹಾಕಿದ್ದ ಕೊಪ್ಪರಿಗೆಯ ಮೇಲೆ ಹತ್ತಿ ನಿಂತ. "ನಿಲ್ಸ್ರಪ್ಪೋ! ಇದು ಆಲಲ್ಲ, ರಕ್ತ! ಇದರಲ್ಲಿ ಕಮ್ಮಿ ಬಂದೋನೇ ಗೆದ್ದೋನು. ಬೋರಣ್ಣ, ಮೊದಲ ಎಲೆ ನಿಂದು. ನೂರಾ ನಲವತ್ತು ದಾಟಿದೋರ್ಗೆ ನಲ್ಲಿಮೂಳೆ ಇಲ್ಲ! ಭಾವ, ನಿಮ್ಗೂ ಇಲ್ಲ!"

ಬೋರಯ್ಯ ಕೂತು ಊರಿಗೆಲ್ಲ ಕೇಳುವ ಹಾಗೆ ಸೊರ್ರೆಂದು ಮಜ್ಜೆ ಹೀರಿದ. ಮುದ್ದಯ್ಯ ಹಾರ ಕಿತ್ತೆಸೆದ.

"ಹಾರ ಆಕ್ಸಿ ಎಲೆ ಕಿತ್ಕತೀಯೇನ್ಲಾ? ನಡಿಯೇ ಜಯ, ಇಲ್ಲಿ ಒಂದು ತೊಟ್ಟು ನೀರೂ ಮುಟ್ಟದು ಬ್ಯಾಡ!"

ಹೆಣ್ಣಿನ ಅಪ್ಪ ಬೀಗರೂಟದಲ್ಲಿ ಎಲೆ ಬಿಟ್ಟು ಎದ್ದರೆ ಮಗಳ ಬಾಳು ಏನಾಗಬೇಕು? ಚಿಕ್ಕಸ್ವಾಮಿ ಕೊಪ್ಪರಿಗೆಯಿಂದ ಕೆಳಗೆ ಜಿಗಿದ. ಭಾವನನ್ನು ಉಳಿಸಲು ಹೋಗಿ ಅಕ್ಕನ ಮಗಳನ್ನೇ ಮುಳುಗಿಸಿದೆನೇ?

ಆಗ ಮಂಚಯ್ಯ ಅಡ್ಡ ಬಂದ. "ಬೀಗ್ರೆ, ನಂಗೂ ಮೂಳೆ ಇಲ್ಲ ಅಂದವ್ನೆ ನಿಮ್ ಬಾಮೈದ. ಇಬ್ರೂ ಇಳ್ಸನ ಬನ್ನಿ. ದೀಪಂಗೆ ಹುಟ್ಟೋ ಮಗೀಗೆ ಹೆಸರಿಡೋ ಊಟಕ್ಕೆ ಯಾರ್ದು ಕಮ್ಮಿಯೋ ಅವ್ರಿಗೆ ಪಾತ್ರೇಲಿರೋ ನಲ್ಲಿಮೂಳೆ ಎಲ್ಲಾನೂವೆ! ನೀವು ಸೋತೋಯ್ತೀರ ಬುಡಿ."

"ನಾನಾ? ಸೋಲೋದಾ?" ಮುದ್ದಯ್ಯ ಅಲ್ಲೇ ಕೂತ. ಬರೀ ಮುದ್ದೆ ಸಾರು ಉಂಡ. ಸಂಜೆ ಒಂದೇ ಕಾರಿನಲ್ಲಿ ಇಬ್ಬರು ಬೀಗರೂ ಆದಿಚುಂಚನಗಿರಿಯ ಆಸ್ಪತ್ರೆಗೆ ಹೋದರು, ದಾರಿಯುದ್ದಕ್ಕೂ ಬೈದಾಡಿಕೊಂಡು.

ಆಮೇಲೆ ನಡೆದದ್ದನ್ನು ಪಾಂಡವಪುರ ಇವತ್ತಿಗೂ ನೆನೆದು ನಗುತ್ತದೆ. ಮುದ್ದಯ್ಯ ಬೆಳಗಾದರೆ ಮಾತ್ರೆ ನುಂಗಿ ನಾಲೆ ಏರಿಯ ಮೇಲೆ ದಾಪುಗಾಲು ಹಾಕತೊಡಗಿದ. ಉಪ್ಪಿನಕಾಯಿ ಜಾಡಿಯನ್ನು ಹುಲ್ಲಿನ ಮೆದೆಯೊಳಗೆ ಬಚ್ಚಿಟ್ಟು ಮೂರು ದಿನ ಕದ್ದು ತಿಂದ, ನಾಲ್ಕನೆಯ ದಿನ ಎಮ್ಮೆ ಅದನ್ನು ಒಡೆದು ಗುಟ್ಟು ರಟ್ಟು ಮಾಡಿತು. ಬೀಗರ ಅಂಕಿಗಳನ್ನು ಒಯ್ಯುತ್ತಿದ್ದವನು ನಾಗಮಂಗಲದ ಬಸ್ಸಿನ ಕಂಡಕ್ಟರು. "ನಿಮ್ ಬೀಗ್ರು ನೂರೈವತ್ತಕ್ಕೆ ಇಳಿದವ್ರೆ!" ಎಂದು ಅವನು ಫುಟ್‌ಬೋರ್ಡಿನಿಂದಲೇ ಕೂಗಿದರೆ ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟುತ್ತಿತ್ತು. ಮುದ್ದಯ್ಯ ಆ ದಿನ ಎರಡು ಸಲ ಏರಿ ಸುತ್ತುತ್ತಿದ್ದ.

ಮರುವರ್ಷ ದೀಪಳ ಮಗುವಿಗೆ ಹೆಸರಿಡುವ ಊಟ ಮುದ್ದಯ್ಯನ ಮನೆಯಲ್ಲೇ. ಪುಟ್ಟತಾಯಮ್ಮ ಡಬ್ಬಿ ಹಿಡಿದು ಬಂದಳು. ಮಂಚಯ್ಯನದು ನೂರಾ ಮೂವತ್ತೆಂಟು. ಮುದ್ದಯ್ಯ ಕಣ್ಣು ಮುಚ್ಚಿ ಕೂತ.

"ನೂರಾ ಮೂವತ್ತಾರು!"

ಅವನು ಎದ್ದು ಮಗುವನ್ನು ಎತ್ತಿಕೊಂಡು ಕುಣಿದೇಬಿಟ್ಟ. ಚಿಕ್ಕಸ್ವಾಮಿ ನಲ್ಲಿಮೂಳೆಯ ಪಾತ್ರೆಯನ್ನೇ ಮೆರವಣಿಗೆಯಲ್ಲಿ ತಂದ. "ತಕಳಿ ಭಾವ, ಎಲ್ಲಾ ನಿಮ್ದೇ!"

"ಒಂದು ಸಾಕು ಕಣ್ಲಾ. ಡಾಕ್ಟ್ರು ಬೈತಾರೆ."

ಆ ನಗುವಿನ ನಡುವೆ ಪುಟ್ಟತಾಯಮ್ಮ ಪಟ್ಟಿ ಮಡಿಸುತ್ತಾ ಕೇಳಿದಳು. "ಜಯಕ್ಕಂದು ಯಾವತ್ತು ನೋಡಿದ್ದು?"

ಹೋದ ವರ್ಷ ನೋಡಿದ್ದು ಮೊದಲ ಪಂಕ್ತಿಗೆ ನುಗ್ಗಿದವರನ್ನು. ಜಯಲಕ್ಷ್ಮಮ್ಮ ಉಣ್ಣುವುದು ಎಲ್ಲರದೂ ಮುಗಿದ ಮೇಲೆ, ತಳ ಕಂಡ ಪಾತ್ರೆಯಲ್ಲಿ. ಅವಳ ತೋಳಿಗೆ ಯಾರೂ ನಲ್ಲಿಮೂಳೆ ಒಡ್ಡಿರಲಿಲ್ಲ. ಅವಳ ತಮ್ಮನೂ ಒಡ್ಡಿರಲಿಲ್ಲ.

"ನಂಗೇನಾಗೈತೆ ಬುಡವ್ವ, ಎಲೆ ಎತ್ತಬೇಕು" ಎಂದು ಅವಳು ಕೊಸರಿಕೊಂಡಳು. ಮುದ್ದಯ್ಯನೇ ಅವಳನ್ನು ಎಳೆದು ಕೂರಿಸಿದ. ಪಾದರಸ ಏರಿತು. ನೂರಾ ತೊಂಬತ್ತು.

ಕೊಪ್ಪರಿಗೆಯ ಪಕ್ಕ ನಿಂತಿದ್ದ ಚಿಕ್ಕಸ್ವಾಮಿಗೂ ಆ ಅಂಕಿ ಕೇಳಿಸಿತು. ಕುಂಕುಮ ಉಳಿಸಲು ಹೊರಟವನು ಹಣೆಯನ್ನೇ ಮರೆತಿದ್ದ. ಮುದ್ದಯ್ಯ ತನ್ನ ಎಲೆಯ ಮುಂದಿನಿಂದ ಎದ್ದ. "ಕುತ್ಕಳೇ ಇಲ್ಲಿ, ನನ್ ಜಾಗ್ದಲ್ಲಿ. ಇವತ್ತಿಂದ ನೀನೂ ಮಾತ್ರೆ, ನೀನೂ ನಾಲೆ ಏರಿ!"

ಜಯಲಕ್ಷ್ಮಮ್ಮ ಹುಟ್ಟಿದಾಗಿನಿಂದ ಮೊದಲ ಸಲ ಮೊದಲ ಪಂಕ್ತಿಯಲ್ಲಿ ಕೂತು, ಸೆರಗು ಬಾಯಿಗೆ ಒತ್ತಿ ನಕ್ಕಳು. "ನಾನ್ ಇಳಿಸುದ್ರೆ ಪಾತ್ರೆ ಪೂರ್ತಿ ನಂದೇ ತಾನೇ?"

"ನಿಂದೇ ಕಣಕ್ಕ, ನಿಂದೇ!" ಎಂದು ಕೂಗಿದ ಚಿಕ್ಕಸ್ವಾಮಿಯ ಸೌಟು ಕೈಜಾರಿ ಸಾರಿನೊಳಗೆ ಬಿತ್ತು.

ಓದಿ ನಕ್ಕಿರಾ? ಸರಿ, ಈಗ ಎದ್ದೇಳಿ. ನಿಮ್ಮ ಮನೆಯಲ್ಲಿ ಎಲ್ಲರೂ ಉಂಡಾದ ಮೇಲೆ ಉಣ್ಣುವವಳು ಒಬ್ಬಳಿದ್ದಾಳಲ್ಲ, ಅವಳ ತೋಳಿಗೆ ಈ ವಾರವೇ ಪಟ್ಟಿ ಸುತ್ತಿಸಿ. ಅವಳು ಬರುವುದಿಲ್ಲ ಎಂದರೆ ಲಂಚ ಕೊಡಿ. ಏನು ಕೊಟ್ಟರೆ ಬರುತ್ತಾಳೆ ಎಂಬುದೇ ನಿಮಗೆ ಗೊತ್ತಿಲ್ಲದಿದ್ದರೆ, ಮೊದಲು ಹೋಗಿ ಅದನ್ನು ಕೇಳಿ.