ಕಾಕಾ ತೆಗೆದ ಟೋಕನ್ ಫೋಟೊ

ಗೆಳೆಯರೇ, ಇವತ್ತು ಸ್ವಲ್ಪದರಲ್ಲಿ ಬಚಾವಾದೆ. ಬೈಲಹೊಂಗಲ ಮಾರುಕಟ್ಟೆಯ ದರಗಳನ್ನು ನಮ್ಮ ಅಂಗಡಿಯ ಪೇಜಿಗೆ ದಿನವೂ ತಾನಾಗಿಯೇ ಹಾಕುವುದು ನಾನು ಬರೆದ ಸ್ಕ್ರಿಪ್ಟ್, ಅಂದರೆ ಪುಟ್ಟ ಕಂಪ್ಯೂಟರ್ ಪ್ರೋಗ್ರಾಮ್. ಅದಕ್ಕೆ ಪಾಸ್‌ವರ್ಡ್ ಕೊಟ್ಟಿಲ್ಲ, ಪೋಸ್ಟ್ ಹಾಕಲು ಮಾತ್ರ ಒಪ್ಪಿಗೆಯಿರುವ ಟೋಕನ್ ಎಂಬ ಗುಟ್ಟಿನ ಅಕ್ಷರಸಾಲು ಕೊಟ್ಟಿದ್ದೇನೆ. ಮುಂಜಾನೆ ಅಡತಿ (ದಲಾಲಿ) ಅಂಗಡಿ ನಡೆಸುವ ನಮ್ಮ ಕಾಕಾ ಅಭಿಮಾನ ಉಕ್ಕಿ, ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದ ಆ ಸ್ಕ್ರಿಪ್ಟಿನ ಫೋಟೊ ತೆಗೆದು, "ನಮ್ಮ ಹುಡುಗಿ ಮಾಡಿದ್ದು ನೋಡ್ರಿ" ಎಂದು ವ್ಯಾಪಾರಸ್ಥರ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟರು. ಟೋಕನ್ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು! ಯಾರಾದರೂ ಅದನ್ನು ಬಳಸಿ ನಮ್ಮ ಹೆಸರಿನಲ್ಲಿ ಸುಳ್ಳು ದರ ಹಾಕಬಹುದಿತ್ತು. ಕೂಡಲೇ ಅದನ್ನು ರದ್ದು ಮಾಡಿ ಹೊಸ ಟೋಕನ್ ಹಾಕಿದೆ. ಪುಣ್ಯಕ್ಕೆ ಪೇಜಿನಲ್ಲಿ ಏನೂ ಆಗಿರಲಿಲ್ಲ.

"ಕಾಕಾ, ಆ ಫೋಟೊದಾಗಿನ ಟೋಕನ್ ಇನ್ನ ನಡ್ಯಾಂಗಿಲ್ರಿ."

"ಹೌದಾ? ತಡಿ ಹಂಗಾರ, ಹೊಸಾದರ ಫೋಟೊ ಕಳಸತೇನಿ. ನಡೀದ ಮಾಲು ಮಂದಿಗೆ ತೋರಸಬಾರದು."

ಲ್ಯಾಪ್‌ಟಾಪನ್ನು ತಿಜೋರಿಯಲ್ಲಿಟ್ಟು ಕೀಲಿ ಹಾಕಿ, ಇದನ್ನು ಫೋನಿನಿಂದ ಬರೆಯುತ್ತಿದ್ದೇನೆ.