ಕಚ್ಚಿ ಬಿಟ್ಟ ಕ್ಯಾರೆಟ್ಟು

ಹತ್ತೊಂಬತ್ತು ವರ್ಷದಿಂದ ಆ ಶಾಲೆಯ ಮಕ್ಕಳಿಗೆ ಬಡಿಸುತ್ತಿದ್ದ ಅಡುಗೆಯಕ್ಕನಿಗೆ ಒಂದು ಚಾಳಿಯಿತ್ತು. ಊಟ ಮುಗಿದದ್ದೇ ತಡ, ಮುಸುರೆ ಬಕೆಟ್ಟಿಗೆ ಕೈಹಾಕಿ ಏನೇನು ವಾಪಸು ಬಂದಿದೆ ಎಂದು ಕೆದಕುವಳು. ಉಪ್ಪು ಹೆಚ್ಚಾಗಿದ್ದರೂ ತರಕಾರಿ ಬೇಯದಿದ್ದರೂ ಅವಳಿಗೆ ಆ ಬಕೆಟ್ಟೇ ಹೇಳುತ್ತಿತ್ತು.

ಆ ವಾರ ಬಕೆಟ್ಟು ದಿನವೂ ತುಂಬಿ ತುಳುಕಿತು. ಹೆಡ್‌ಮಾಸ್ಟರು ಅಡುಗೆಮನೆಗೇ ಬಂದು ಹಾರಾಡಿದರು.

"ಏನಮ್ಮಾ, ಬಾಯಿಗೆ ಹತ್ತೋ ಹಾಗೆ ಮಾಡೋಕೆ ಬರಲ್ವಾ? ನಾಳೆಯಿಂದ ತರಕಾರಿ ಬಂದ್. ಇಲ್ಲಾ, ನೀವೇ ಬಂದ್!"

ಅಕ್ಕ ಬಕೆಟ್ಟಿನಿಂದ ಒಂದು ಹಿಡಿ ಕ್ಯಾರೆಟ್ಟು ತೆಗೆದು ಅವರ ಮೂಗಿನ ಮುಂದೆ ಹಿಡಿದಳು.

"ನೋಡಿ ಸಾರ್, ಎಲ್ಲದ್ರಲ್ಲೂ ಹಲ್ಲಿನ ಗುರುತಿದೆ. ಬೇಡ ಅನ್ನೋರು ಕಚ್ತಾರಾ? ನಾಳೆ ನೀವೂ ಮಕ್ಕಳ ಸಾಲಲ್ಲಿ ನಿಂತು ಊಟ ಮಾಡಿ. ಆಮೇಲೆ ಬೇಕಾದ್ರೆ ನನ್ನ ಕಳಿಸಿ."

ಮರುದಿನ ಅವರು ಮುಖ ಗಂಟಿಕ್ಕಿಕೊಂಡೇ ತಟ್ಟೆ ಹಿಡಿದು ಸಾಲಿನ ಕೊನೆಯಲ್ಲಿ ನಿಂತರು. ಸಾಲು ಆಮೆಯಂತೆ ತೆವಳಿತು. ಕೊನೆಗೂ ಕೂತು ಕ್ಯಾರೆಟ್ಟಿಗೆ ಬಾಯಿ ಹಾಕಿದವರು ತಮಗೇ ಗೊತ್ತಿಲ್ಲದೆ ತಲೆದೂಗಿದರು. ಅಕ್ಕ ಸೌಟು ಹಿಡಿದು ಅವರನ್ನೇ ನೋಡುತ್ತಿದ್ದಳು. ಎರಡನೇ ತುಂಡು ಕಚ್ಚುವಷ್ಟರಲ್ಲಿ ಗಂಟೆ ಢಣಢಣ ಬಾರಿಸಿತು. ಮಕ್ಕಳು ದಡಬಡಿಸಿ ಎದ್ದರು. ಪಾಠ ಹಿಂದೆ ಬಿದ್ದಿದೆಯೆಂದು ಆ ಸೋಮವಾರದಿಂದ ಊಟದ ಹೊತ್ತನ್ನು ಅರ್ಧಕ್ಕೆ ಇಳಿಸಿದ್ದವರು ಹೆಡ್‌ಮಾಸ್ಟರೇ.

ಅಡುಗೆಯಕ್ಕ ಬಕೆಟ್ಟು ತಂದು ಅವರ ಮುಂದೆ ಕುಕ್ಕಿದಳು.

"ಹಾಕಿ ಸಾರ್. ಗಂಟೆ ಆಯ್ತಲ್ಲ."