ಬಂಗಾರದ ಊರಿಗೊಂದು ಹೋಟೆಲು

ನನ್ನ ಅಪ್ಪ ನಾಶಿಕದ ಸರಾಫ್ ಬಜಾರಿನಲ್ಲಿ ಧೂಳು ಗುಡಿಸುತ್ತಿದ್ದ. ಮುನ್ಸಿಪಾಲ್ಟಿ ನೌಕರಿಯಲ್ಲ. ಅಕ್ಕಸಾಲಿಗರ ಅಂಗಡಿಗಳ ಮುಂದಿನ ಧೂಳನ್ನು ತಂದು, ಮರಿಗೆಯಲ್ಲಿ ನೀರು ಹಾಕಿ ತೊಳೆದು, ತಳದಲ್ಲಿ ಉಳಿದ ಬಂಗಾರದ ಹುಡಿಯನ್ನು ಮತ್ತೆ ಅದೇ ಅಂಗಡಿಯವರಿಗೆ ಮಾರುವುದು. ಮರಿಗೆ ಅಂದರೆ ಕಟ್ಟಿಗೆಯಲ್ಲಿ ಕೊರೆದ ಅಗಲವಾದ ತಟ್ಟೆ. ಊರಲ್ಲಿ ನಮ್ಮ ಹಿರಿಯರು ಇದರಲ್ಲೇ ಹಳ್ಳದ ಮರಳು ತೊಳೆದು ಬಂಗಾರ ತೆಗೆಯುತ್ತಿದ್ದರು. ಗದಗದ ಆಚೆ, ಕಪ್ಪತಗುಡ್ಡದ ಬುಡದಲ್ಲಿ ನಮ್ಮ ಊರು. ಹಳ್ಳ ಹೊಟ್ಟೆ ತುಂಬಿಸಲಿಲ್ಲ. ಅವ್ವ ಸತ್ತ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಇಲ್ಲಿಗೆ ಬಂದ. ಬಂದಾಗಿನಿಂದ ಅವನಿಗೆ ವಾಪಸ್ ಹೋಗುವುದೊಂದೇ ಚಿಂತೆ. ಹೋಗಿ ಏನು ತಿನ್ನೋದು ಅಂತ ಕೇಳಿದರೆ ಮರಿಗೆ ಎತ್ತಿಕೊಂಡು ಹೊರಗೆ ಹೋಗುತ್ತಿದ್ದ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಉಡುಪಿ ಕಡೆಯವರ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಕೆಲಸ. ಬೆಳಿಗ್ಗೆಯಿಂದ ನಿಂತು ನಿಂತು ಸಂಜೆಗೆ ಕಾಲು ಬಾತುಕೊಳ್ಳುತ್ತಿದ್ದವು.

ಅಪ್ಪ ಮಧ್ಯಾಹ್ನ ಅಲ್ಲಿಗೇ ಚಹಾಕ್ಕೆ ಬರುತ್ತಿದ್ದ. ಒಂದು ದಿನ ಮಾಲಕರಿಗೆ ಊರಿನ ಕಥೆ ಹೇಳಿದ. ಬ್ರಿಟಿಷರ ಕಾಲದಲ್ಲಿ ಗುಡ್ಡದಲ್ಲಿ ಬಂಗಾರ ಇದೆ ಅಂತ ಸುದ್ದಿ ಹಬ್ಬಿ, ಸಾಹೇಬರು ಬಂದು ಸುರಂಗ ಕೊರೆದು, ಊರು ತುಂಬಿ, ಕೆಲವೇ ವರ್ಷಗಳಲ್ಲಿ ಎಲ್ಲ ಬಿಟ್ಟು ಹೋದ ಕಥೆ. ನಾನು ಎಷ್ಟೋ ಸಲ ಕೇಳಿದ್ದೆ. ಮಾಲಕರು ಮಾತ್ರ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು.

"ಎಂಥ ಮಾರಾಯ್ರೆ! ತ್ರ್ಯಂಬಕದ ದೇವಸ್ಥಾನಕ್ಕೆ ಜನ ಜೀಪಿಗೆ ಜೋತು ಬಿದ್ದು ಹೋಗ್ತಾರೆ. ಚಿನ್ನದ ಊರು ಅಂದ್ರೆ ಬರ್ಲಿಕ್ಕಿಲ್ವಾ? ಸುರಂಗ ಈಗ್ಲೂ ಉಂಟಾ?"

"ಅದಾವ್ರಿ."

"ಸಾಹೇಬ್ರ ಬಂಗ್ಲೆ?"

"ಗ್ವಾಡಿ ಅದಾವ್ರಿ. ಮ್ಯಾಲ ಏನಿಲ್ಲ."

"ಸಾಕು. ಅಲ್ಲೊಂದು ಹೋಟೆಲ್ ಹಾಕುವ. ಜನರಿಗೆ ತೋರಿಸ್ಲಿಕ್ಕೆ ನೀವು, ತಿಂಡಿಗೆ ನಿಮ್ಮ ಮಗ. ಹಿಂದೆ ಇರ್ಲಿಕ್ಕೆ ಒಂದು ರೂಮು."

ಅಪ್ಪ ಅವತ್ತಿನಿಂದಲೇ ಊರಿಗೆ ಹೋದವನ ಹಾಗೆ ಮಾತಾಡತೊಡಗಿದ. ರೂಮಿನ ಬಾಗಿಲು ಯಾವ ಕಡೆ ಇರಬೇಕು ಅನ್ನುವುದೂ ತೀರ್ಮಾನವಾಯಿತು.

"ಯಾರ್ ಬರ್ತಾರಪಾ ಅಲ್ಲಿಗೆ? ಬಸ್ಸೇ ಬರಂಗಿಲ್ಲ," ಅಂದೆ.

"ಹೋಟೆಲ್ ಆದ್ರ ಬಸ್ಸ ಬರತೈತಿ. ನಿನಗೇನ್ ತಿಳಿತೈತಲೇ, ಹಿಟ್ಟು ಹುಯ್ಯಾಂವ."

ಮಾಲಕರು ಬರೀ ಮಾತು ಕೇಳಿ ಕೈ ಹಾಕುವವರಲ್ಲ. ಇಂಥ ಹಳೇ ಊರು ಹೇಗೆ ನಡೆಯುತ್ತದೆ ಅಂತ ಮೊದಲು ಕಣ್ಣಾರೆ ನೋಡಬೇಕು ಅಂದರು. ಅದಕ್ಕೆ ದೌಲತಾಬಾದ್ ಆರಿಸಿದರು. ಒಂದು ಭಾನುವಾರ ಮೂವರೂ ಕೆಂಪು ಎಸ್‌ಟಿ ಬಸ್ಸು ಹತ್ತಿ ಔರಂಗಾಬಾದಿಗೆ, ಅಲ್ಲಿಂದ ಜೀಪಿನಲ್ಲಿ ಕೋಟೆಗೆ. ನನ್ನ ಒಂದೇ ಒಂದು ರಜೆ ಬಸ್ಸಿನ ಸೀಟಿನಲ್ಲಿ ಸವೆಯಿತು.

ದೌಲತಾಬಾದೂ ಬಿಟ್ಟು ಹೋದ ಊರೇ. ಸುಲ್ತಾನನೊಬ್ಬ ದಿಲ್ಲಿಯ ಜನರನ್ನು ಎಬ್ಬಿಸಿ ತಂದು ಇಲ್ಲಿ ಕೂರಿಸಿದನಂತೆ, ಆಮೇಲೆ ವಾಪಸ್ ಕಳಿಸಿದನಂತೆ. ಮಾಲಕರು ಕೋಟೆ ನೋಡಲಿಲ್ಲ. ಯಾರು ಎಲ್ಲಿ ಚಹಾ ಕುಡಿಯುತ್ತಾರೆ, ಹೆಂಗಸರು ಎಲ್ಲಿ ಕೂರುತ್ತಾರೆ, ಮಕ್ಕಳನ್ನು ಎಲ್ಲಿ ಉಚ್ಚೆಗೆ ನಿಲ್ಲಿಸುತ್ತಾರೆ, ಅದನ್ನೇ ನೋಡಿದರು.

ಒಳಗೆ ಬಂಡೆ ಕೊರೆದು ಮಾಡಿದ ಕತ್ತಲ ದಾರಿಯಿದೆ. ಗೈಡು ದೀವಟಿಗೆ ಹಿಡಿದು ಮುಂದೆ ಹೋದ. ವೈರಿಗಳ ತಲೆ ಮೇಲೆ ಕಾದ ಎಣ್ಣೆ ಹುಯ್ಯುತ್ತಿದ್ದದ್ದು ಇಲ್ಲೇ ಅಂದವನೇ ದೀವಟಿಗೆಯನ್ನು ಬೆನ್ನ ಹಿಂದೆ ಅಡಗಿಸಿದ. ಹೆಂಗಸರು ಕಿರುಚಿದರು, ಆಮೇಲೆ ನಕ್ಕರು. ಮೇಲೆ ಬಾವಲಿಗಳ ನಾತ.

ಮಾಲಕರು ಅಪ್ಪನ ಭುಜ ತಿವಿದರು. "ನೋಡಿದ್ರಾ? ಹೀಗೆ ಮಾಡ್ಬೇಕು."

"ನಮ್ಮ ಸುರಂಗಕ್ಕ ದೀವಟಿಗಿ ಅಡಗಸೂದ ಬ್ಯಾಡ್ರಿ," ಅಂದ ಅಪ್ಪ. "ಹಿಡದ್ರೂ ಏನೂ ಕಾಣಂಗಿಲ್ಲ."

ಮೇಲೆ ಹತ್ತಲು ಅಪ್ಪನ ಮೊಣಕಾಲು ಒಪ್ಪಲಿಲ್ಲ. ನನಗೂ ಬೇಡವಾಗಿತ್ತು. ಕೆಳಗೆ ಬಂದು ಪೇರಲ ಹಣ್ಣಿನ ಗಾಡಿಯ ಹತ್ತಿರ ಕೂತೆವು. ಈಗ ನಿಮ್ಮ ಊರಿನದು ಹೇಳಿ, ಗೈಡಿನ ಹಾಗೆ, ಅಂತ ಮಾಲಕರು ಅಪ್ಪನಿಗೆ ಹೇಳಿದರು. ನಮ್ಮ ಕನ್ನಡ ಕೇಳಿ ಪಕ್ಕದಲ್ಲಿದ್ದ ಒಂದು ಸಂಸಾರವೂ ತಿರುಗಿತು. ಧಾರವಾಡದವರು, ಬ್ಯಾಂಕಿನವರು, ಔರಂಗಾಬಾದಿಗೆ ವರ್ಗವಾಗಿ ಬಂದಿದ್ದರು. ಗಂಡ, ಹೆಂಡತಿ, ಒಬ್ಬ ಮಗಳು.

ಅಪ್ಪ ಎದ್ದು ನಿಂತೇ ಹೇಳಿದ. ಹೊಗೆ ಕೊಳವೆ ಎದ್ದದ್ದು, ಗುಡ್ಡದೊಳಗೆ ಮದ್ದು ಸಿಡಿಯುವಾಗ ಮನೆಯ ಮಡಕೆ ಅಲುಗಿದ್ದು, ಸಿಂಪಿಗರು, ಬಳೆಗಾರರು, ಸೆರೆ ಅಂಗಡಿಯವರು ಗುಡಾರ ಹಾಕಿ ಕೂತದ್ದು. ಎಲ್ಲ ಅವನ ಅಪ್ಪನಿಂದ ಕೇಳಿದ್ದು.

"ಗುಡ್ಡದಾಗ ಸಿಕ್ಕ ಬಂಗಾರಕ್ಕಿಂತ ಸಾಹೇಬ್ರ ಹೆಂಡ್ರ ಕೊಳ್ಳಾಗ ಇದ್ದದ್ದ ಹೆಚ್ಚಂತ್ರಿ," ಅಂದಾಗ ಬ್ಯಾಂಕಿನವರು ಜೋರಾಗಿ ನಕ್ಕರು.

ಮಗಳು ಮರಾಠಿಯಲ್ಲೇ ಕೇಳಿದಳು. "ಖರಂಚ ಸೋನಂ ಮಿಳತಂ ಕಾ ತಿಥೆ?"

"ಖರೇನ ಬಂಗಾರ ಸಿಗತೈತವ್ವಾ. ಮಳಿ ಆದ ಮ್ಯಾಲ, ಹಳ್ಳದ ಉಸುಕಿನ್ಯಾಗ. ಕಣ್ಣಿಗೆ ಕಾಣೂವಷ್ಟ ಅಲ್ಲ."

"ಛಲೋ ಅದ್ರಿ, ನೋಡಬೇಕು," ಅಂದರು ಬ್ಯಾಂಕಿನವರು. "ಅಲ್ಲಿಂದ ಮುಂದ ಏನೇನದ?"

"ಮುಂದೇನಿಲ್ರಿ. ರಸ್ತಾ ನಮ್ಮೂರಾಗ ಮುಗೀತೈತಿ."

"ಹಂಗಾದ್ರ ಅದೊಂದಕ್ಕಽ ಹೋಗಬೇಕು?"

ಹೆಂಡತಿ ಗಡಿಯಾರ ನೋಡಿದರು. "ಏಳ್ರಿ, ವೇರುಳ ನೋಡಿ ಊಟ ಮಾಡೋಣ. ಇದೇನು, ದಾರ್ಯಾಗ ಅದ ಅಂತ ಇಳದ್ವಿ."

ಅವರು ಹೋದರು. ಹಿಂದೆಯೇ ಇನ್ನೆರಡು ಜೀಪು ವೇರುಳದ, ಅಂದರೆ ಎಲ್ಲೋರಾದ, ಕಡೆಗೇ ಹೊರಟವು. ಮಾಲಕರು ಅವನ್ನೇ ನೋಡುತ್ತ ನಿಂತರು.

"ನಿಮ್ಮ ಊರು ಯಾವುದರ ದಾರಿಯಲ್ಲಿ ಉಂಟು ಮಾರಾಯ್ರೆ?"

"ನಮ್ಮೂರಿನ ದಾರ್ಯಾಗನ ಐತ್ರಿ."

ಮಾಲಕರು ನಕ್ಕು ಅಪ್ಪನಿಗೆ ಪೇರಲ ಹಣ್ಣು ಕೊಡಿಸಿದರು. "ನೋಡುವ," ಅಂದರು.

ನಾನು ಕಾವಲಿಯ ಹತ್ತಿರ ಕೂರಲು ಒಂದು ಸ್ಟೂಲು ಕೇಳಿದಾಗಲೂ ನೋಡುವ ಅಂದಿದ್ದರು. ಸ್ಟೂಲು ಬರಲಿಲ್ಲ.

ವಾಪಸ್ ಬಸ್ಸಿನಲ್ಲಿ ಮಾಲಕರು ಮುಂದಿನ ಸೀಟಿನಲ್ಲಿ ನಿದ್ದೆ ಹೋದರು. ಅಪ್ಪ ಮಾತ್ರ ನಿಲ್ಲಿಸಲಿಲ್ಲ. ಬೋರ್ಡು ಎಲ್ಲಿ ಹಾಕುವುದು, ಸುರಂಗದ ಬಾಯಿಯ ಮುಳ್ಳುಕಂಟಿ ಯಾರು ಕಡಿಯುವುದು. ನನಗೆ ತಲೆ ಸಿಡಿಯುತ್ತಿತ್ತು.

"ಅಪ್ಪಾ, ಅವ್ರು ಹಾಕಂಗಿಲ್ಲ."

"ನೋಡುವ ಅಂದಾರಲ್ಲ."

"ಅಂದ್ರ ಇಲ್ಲ ಅಂತ."

ವೈಜಾಪುರ ದಾಟಿತು. ಯೇವಲಾದಲ್ಲಿ ಅಪ್ಪ ಬಸ್ಸಿಳಿದು ನೀರು ಕುಡಿದು ಬಂದ. ಆಮೇಲೆ ಕೇಳಿದ.

"ನಿನಗ ಮೊದಲ ಗೊತ್ತಿತ್ತೇನು?"

"ಗೊತ್ತಿತ್ತು."

"ಮತ್ತ್ಯಾಕ ಬಂದಿ?"

"ನೀ ಹೊಂಟಿದ್ಯಲ್ಲ, ಅದಕ್ಕ."

ಮಾಲಕರು ಊರಿನ ಹೋಟೆಲಿನ ಮಾತು ಮತ್ತೆ ಎತ್ತಲಿಲ್ಲ. ಮಳೆಗಾಲ ಮುಗಿದ ಮೇಲೆ ಅಪ್ಪ ಒಬ್ಬನೇ ಊರಿಗೆ ಹೋದ. ಬರುವುದಿಲ್ಲ ಅಂದುಕೊಂಡಿದ್ದೆ. ಒಂದು ವಾರಕ್ಕೆ ಬಂದ. ಹೋಟೆಲಿನ ಹಿಂಬಾಗಿಲಲ್ಲಿ ಕೂತು ಚಪ್ಪಲಿಯ ಕೆಂಪು ಮಣ್ಣು ಕೆರೆಯುತ್ತಿದ್ದ.

"ಯಾರರೆ ನೋಡಾಕ ಬಂದಿದ್ರೇನು?" ಅಂತ ಚುಚ್ಚಿದೆ.

"ನಾ ಹೋಗಿದ್ನಲ್ಲಲೇ. ಒಬ್ಬ ಕುರಿ ಕಾಯಾಂವ ಇದ್ದ. ಯಾವೂರಿನವ್ರಿ, ಸುರಂಗ ತೋರಸ್ಲೇನು ಅಂದ. ಕರಕೊಂಡ ಹೋಗಿ ಎಲ್ಲಾ ತೋರಿಸಿದ. ಇಲ್ಲಿ ಸಾಹೇಬ ಕುದುರಿ ಕಟ್ಟತಿದ್ದ, ಇಲ್ಲಿ ಮಷಿನ್ ಇತ್ತು ಅಂತ. ಅರ್ಧಾ ಸುಳ್ಳ."

"ನಾ ಇದ ಊರಾಂವ ಅಂತ ಹೇಳಲಿಲ್ಲೇನು?"

"ಇಲ್ಲ," ಅಂದ ಅಪ್ಪ. "ಚಂದ ಹೇಳಾಕತ್ತಿದ್ದ."

ಆಮೇಲೆ ಅವನು ಊರಿಗೆ ಹೋಗುವ ಮಾತು ಆಡಲಿಲ್ಲ. ಮರುದಿನ ಪೊರಕೆ ಹಿಡಿದು ಸರಾಫ್ ಬಜಾರಿಗೆ ಹೋದ.